ಗ್ರೂಪಿನಲ್ಲಿ ಕೇಳಿದ ಸೊನ್ನೆಯ ಪ್ರಶ್ನೆ

ಮುಂಬಯಿ ಪಕ್ಕದ ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗರಿಗೆ ಕಂಪ್ಯೂಟರಿನ ವಿಷಯದಲ್ಲಿ ನೆರವು ಕೊಡಲೆಂದು ಮೊಬೈಲಿನಲ್ಲೊಂದು ಗ್ರೂಪಿದೆ. ನೆರವಂತೆ, ನೆರವು! ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಒಬ್ಬರಿಗೊಬ್ಬರು ಶಹಬ್ಬಾಸ್. ಹೊಸಬರು ಏನಾದರೂ ಕೇಳಿದರೆ ಮಾತ್ರ ಪಂಡಿತರಿಗೆಲ್ಲ ಮೈಮೇಲೆ ಬಂದಂತಾಗುತ್ತದೆ.

ನನಗೆ ಬೇರೆ ದಾರಿ ಇರಲಿಲ್ಲ. ಡೊಂಬಿವಲಿಯಲ್ಲಿ ಮನೆ, ಮಕ್ಕಳು ಎಂದುಕೊಂಡು ಇದ್ದವಳು ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರ ಆಫೀಸಿಗೆ ಹೊಸದಾಗಿ ಸೇರಿದ್ದೆ. ಗೋದಾಮಿನವರು ಮೊಬೈಲಿನಿಂದ ತುಂಬುವ ಸರಳುಗಳ ತೂಕ ಕಂಪ್ಯೂಟರಿನ ಶೀಟಿನಲ್ಲಿ ತಾನಾಗಿ ಕೂಡಬೇಕು. ಶನಿವಾರದೊಳಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಸೇಠ್ ಹೇಳಿಬಿಟ್ಟಿದ್ದರು. ನನ್ನ ಶೀಟಿನಲ್ಲೋ, ಏನು ಮಾಡಿದರೂ ಮೊತ್ತ ಸೊನ್ನೆ.

"ನಮಸ್ಕಾರ, ಎಲ್ಲರೂ ಆರಾಮಾ? ಒಂದು ಸಣ್ಣ ಡೌಟು" ಎಂದು ಗ್ರೂಪಿನಲ್ಲಿ ಬರೆದೆ. ತಗೋ, ಶುರುವಾಯಿತು. ನಮಸ್ಕಾರ ಬೇಡ, ನೇರ ಪ್ರಶ್ನೆ ಕೇಳಿ ಎಂದರೊಬ್ಬರು. ಫೋಟೋ ಸಮೇತ ಕೇಳಿದೆ. ಫೋಟೋ ಹಾಕಬೇಡಿ, ಟೈಪ್ ಮಾಡಿ ಎಂದರು ಇನ್ನೊಬ್ಬರು. ಮೊದಲು ನೀವೇನು ಪ್ರಯತ್ನ ಮಾಡಿದಿರಿ ಹೇಳಿ ಎಂದರು ಮತ್ತೊಬ್ಬರು. ಸರಿ ಮಹರಾಯರೇ ಎಂದು, ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು ಎಲ್ಲ ಬರೆದು, ಶೀಟಿನ ಕೆಲವು ಸಾಲುಗಳನ್ನೂ ನಕಲು ಮಾಡಿ ಹಾಕಿದೆ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಗ್ರೂಪು ಕಂಡಿರಲಾರದು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಆಮೇಲೆ ಅಡ್ಮಿನ್ ಮಹಾಶಯರು ಖಾಸಗಿಯಾಗಿ ಮೆಸೇಜ್ ಕಳಿಸಿದರು.

"ಊರಲ್ಲಿ ನಿಮ್ದು ಎಲ್ಲಿ ಆಯ್ತು?"

"ಕಾರ್ಕಳ."

"ಓ, ನಮ್ಮ ಕಡೆಯವ್ರೇ ಮಾರಾಯ್ರೆ! ಯಾವ ಮನೆ?"

ಮನೆ ಯಾಕೆ ಕೇಳುತ್ತಾರೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಮನೆ ತಿಳಿದರೆ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ಉತ್ತರ ಕೊಡಬೇಕೋ ಬೇಡವೋ ತಿಳಿಯುತ್ತದೆ. ಗ್ರೂಪಿನ ಉದ್ದುದ್ದ ನಿಯಮಗಳಲ್ಲಿ ಇದೊಂದನ್ನು ಬರೆಯಲು ಮರೆತಿದ್ದರು. ಮೈಯೆಲ್ಲ ಉರಿದುಹೋಯಿತು. "ಕೂಡಿಸೋ ಲೆಕ್ಕಕ್ಕೆ ನನ್ನ ಮನೆ ಯಾಕೆ ಸರ್?" ಎಂದು ಬರೆದೆ. ಮಹಾಶಯರು ಮಾಯ.

ಶುಕ್ರವಾರ ಸಂಜೆ ಗ್ರೂಪಿನಲ್ಲೇ ಒಂದು ಉತ್ತರ ಬಂತು. ಬರೆದವಳು ಕಲಬುರಗಿ ಕಡೆಯಿಂದ ಬಂದು ಠಾಕುರ್ಲಿಯಲ್ಲಿರುವ ಹೆಂಗಸು, ನನ್ನ ಹಾಗೆಯೇ ಹೊಸಬಳು. "ಅಕ್ಕಾರ, ನಿಮ್ಮ ಗೋದಾಮಿನವ್ರು ಮರಾಠಿ ಕೀಬೋರ್ಡಿನಾಗ ಅಂಕಿ ಹೊಡದಾರ ನೋಡ್ರಿ. ಕಂಪ್ಯೂಟರ್ ಅವನ್ನ ಅಕ್ಷರ ಅಂತ ತಿಳ್ಕೊಂಡದ. ಇಂಗ್ಲಿಷ್ ಅಂಕಿ ಹಾಕಸ್ರಿ. ನಂಗೂ ಹಿಂಗೇ ಆಗಿತ್ತು."

ಅಯ್ಯೋ ದೇವರೇ! ಬಸ್ಸಿನ ನಂಬರಿನಿಂದ ಹಿಡಿದು ಎಲ್ಲೆಡೆ ಎರಡೂ ಬಗೆಯ ಅಂಕಿ ಓದಿ ಓದಿ, ಅವು ಬೇರೆ ಬೇರೆ ಎಂದು ನನ್ನ ಕಣ್ಣಿಗೆ ಅನ್ನಿಸಿರಲೇ ಇಲ್ಲ. ಎಲ್ಲವನ್ನೂ ಬದಲಿಸಿದೆ. ಮೊತ್ತ ಸರಿಯಾಗಿ ಬಂತು.

ಶನಿವಾರ ಸೇಠ್ ನೋಡಿ, "ಠೀಕ್ ಹೈ, ಸೋಮ್‌ವಾರ್ ಸೇ ಪಕ್ಕಾ" ಎಂದು ನೌಕರಿ ಖಾಯಂ ಮಾಡಿದರು. ಅದೇ ಮಧ್ಯಾಹ್ನ ಗ್ರೂಪು ತೆರೆದರೆ ಅಡ್ಮಿನ್ ಆ ಉತ್ತರವನ್ನು ಅಳಿಸಿ, ಹೊಸಬರು ಉತ್ತರ ಕೊಡುವಂತಿಲ್ಲ ಎಂಬ ನಿಯಮ ಹಾಕಿ, ಅವಳನ್ನು ಹೊರಗೆ ತಳ್ಳಿದ್ದರು. ಥೂ, ಇವರ ಜ್ಞಾನಕ್ಕಿಷ್ಟು ಬೆಂಕಿ ಹಾಕ! ನಾನೂ ಹೊರಬಿದ್ದು ಅವಳಿಗೆ ಫೋನ್ ಮಾಡಿದೆ. ನನ್ನ ನೌಕರಿ ಉಳಿಯಿತು, ನಿಮ್ಮನ್ನು ಮಾತ್ರ ಹೊರಗೆ ಹಾಕಿದರಲ್ಲ ಎಂದೆ.

"ತಗದ್ರ ತಗೀಲಿ ಬಿಡ್ರಿ ಅಕ್ಕಾರ, ನಿಮ್ದು ಉಳೀತಲ್ಲ, ಸಾಕು" ಎಂದಳು. "ಹೋದ ತಿಂಗಳ ನಾನೂ ಅಲ್ಲೇ ಕೇಳಿದ್ದೆ. ಯಾರೂ ಹೇಳಲಿಲ್ಲ. ನನ್ನ ನೌಕರಿ ಹೋತು."