ಉಗುರಿಗೆ ಕಾಣುವ ಗುಳಿ
ಬೆಳಿಗ್ಗೆ ಕಾರ್ಖಾನೆಯಲ್ಲಿ ಬೆಸುಗೆ ಮಷಿನ್ನಿನ ಸ್ವಿಚ್ ಒತ್ತುವ ಮೊದಲು ಚುಕ್ಕಿಯಕ್ಕ ಉಕ್ಕಿನ ಅಚ್ಚಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಾಳೆ. ಆ ಅರೆಗಳಿಗೆ ಯಾರು ಕರೆದರೂ ಓಗೊಡುವುದಿಲ್ಲ. ಪ್ಲಾಸ್ಟಿಕ್ ಲೋಟ, ಬಾಚಣಿಗೆಗಳ ಅಚ್ಚು ಸವೆದು ಗುಳಿಬಿದ್ದಲ್ಲಿ ಕೂದಲಿನಷ್ಟು ತೆಳುವಾದ ತಗಡಿನ ಚೂರಿಟ್ಟು, ಟಿಕ್ ಟಿಕ್ ಎಂದು ಕರೆಂಟು ಹಾಯಿಸಿ ಚುಕ್ಕಿ ಚುಕ್ಕಿಯಾಗಿ ಬೆಸೆಯುವುದರಿಂದ ಆ ಹೆಸರು. ಅವಳು ಬೆಸೆಯುವಾಗ ಅಚ್ಚಿನ ಇನ್ನೊಂದು ತುದಿಯಲ್ಲಿ ಇರುವೆ ನಿದ್ದೆ ಮಾಡಬಹುದಂತೆ, ಅಷ್ಟು ತಣ್ಣಗಿರುತ್ತದೆ. "ಸಾಸಿವೆಯಷ್ಟು ಗುಳಿಗೆ ಇಡೀ ಬೆಳಗ್ಗೆನಾ ಅಕ್ಕಾ?" ಎಂದು ಪಕ್ಕದ ಮೇಜಿನವನು ಕೆಣಕಿದರೆ, "ನಿನ್ನ ಹಲ್ಲಿನ ತೂತು ಇನ್ನೂ ಚಿಕ್ಕದಿತ್ತು, ಊರಿಗೆಲ್ಲ ಕೇಳೋ ಹಾಗೆ ಅತ್ತಿದ್ದೆಯಲ್ಲೋ" ಎನ್ನುತ್ತಾಳೆ. ಬೆಸೆದದ್ದನ್ನು ಉಜ್ಜಿ ಸಮ ಮಾಡಿ, ಹೆಬ್ಬೆರಳಿನ ಉಗುರನ್ನು ಮೇಲೆ ಎಳೆದು ನೋಡುತ್ತಾಳೆ. ಉಗುರು ಎಡವಿದರೆ ಮತ್ತೆ ಮೊದಲಿನಿಂದ. ಆ ಉಗುರನ್ನು ಮಗುವಿನಂತೆ ಸಾಕಿದ್ದಾಳೆ. ಅದು ಮುರಿಯಬಾರದೆಂದು ಮನೆಯಲ್ಲಿ ಬಟಾಣಿ ಸುಲಿಯುವವನು ಗಂಡ. ಈಚೆಗೆ ಕಣ್ಣಿಗೆ ಮಂಜು ಕವಿದಿದೆ, ತಗಡಿನ ಚೂರನ್ನೂ ಮುಟ್ಟಿಯೇ ಹುಡುಕುತ್ತಾಳೆ. ಈ ಮೇಜಿನ ಕೆಲಸ ಕೈತಪ್ಪೀತೆಂದು ಯಾರಿಗೂ ಹೇಳಿಲ್ಲ. ಗಮನಿಸಿದ ಮಾಲೀಕ ಮೊನ್ನೆ ಮೆಲ್ಲಗೆ, "ಅಕ್ಕಾ, ಇನ್ಮೇಲೆ ದೊಡ್ಡ ಅಚ್ಚುಗಳ ದಪ್ಪ ಕೆಲಸ ಕೊಡ್ತೀನಿ, ಆರಾಮಾಗಿರಿ" ಎಂದ. ಚುಕ್ಕಿಯಕ್ಕ ತಲೆಯೆತ್ತಲಿಲ್ಲ. "ಬೇಡಪ್ಪ. ದಪ್ಪ ಕೆಲಸ ಕಣ್ಣಲ್ಲಿ ನೋಡಿ ಮಾಡೋದು, ಅದು ನನ್ನ ಕೈಲಾಗಲ್ಲ. ನಂಗೆ ಸಣ್ಣದ್ದೇ ಇರ್ಲಿ."