ಬಿಳಿ ಷೂಗಳಿಗೆ ಆಯುಧಪೂಜೆ

ಮಗಳು ಮೆಕ್ಸಿಕನ್ ಜಾನಪದ ನೃತ್ಯ ಕಲಿಯುತ್ತೇನೆ ಅಂದಾಗ ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಹಿಂದಿನ ವರ್ಷವಿಡೀ ಪ್ರತಿ ಭಾನುವಾರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ಡಲ್ಲಾಸ್ ಪಕ್ಕದ ನಮ್ಮ ಅರ್ವಿಂಗ್‌ನಿಂದ ಪ್ಲೇನೋವರೆಗೆ ಆ ದೈತ್ಯ ಟ್ರಕ್ಕುಗಳ ನಡುವೆ ಜೀವ ಕೈಯಲ್ಲಿ ಹಿಡಿದು ಡ್ರೈವ್ ಮಾಡಿ, ಭರತನಾಟ್ಯದ ಕ್ಲಾಸಿಗೆ ಬಿಟ್ಟು ಬರುತ್ತಿದ್ದೆ. ಕೊನೆಗೆ ಆ ಪುಣ್ಯಾತ್ಗಿತ್ತಿ "ಐ ಹೇಟ್ ಇಟ್" ಅಂದು ಕಥೆ ಮುಗಿಸಿದಳು. ಈ ಹೊಸ ಕ್ಲಾಸಾದರೋ ನಮ್ಮ ಅಪಾರ್ಟ್‌ಮೆಂಟಿನ ಎದುರು ರಸ್ತೆ ದಾಟಿದರೆ ಸಿಗುವ ಕಮ್ಯುನಿಟಿ ಸೆಂಟರಿನಲ್ಲಿ. ಅವಳ ಶಾಲೆಯ ಗೆಳತಿಯರೆಲ್ಲ ಶನಿವಾರ ಬೆಳಿಗ್ಗೆ ಅಲ್ಲಿರುತ್ತಿದ್ದರು. ನಡೆದೇ ಹೋಗಬಹುದು ಅನ್ನುವ ಒಂದೇ ಕಾರಣಕ್ಕೆ ಒಪ್ಪಿಕೊಂಡೆ.

ನಮ್ಮವರು ಸುಮ್ಮನಿರುತ್ತಾರೆಯೇ? ಕನ್ನಡದವರ ಪಾಟ್‌ಲಕ್ ಊಟದಲ್ಲಿ ಧಾರವಾಡದ ಆಂಟಿಯೊಬ್ಬರು ತಟ್ಟೆ ಹಿಡಿದುಕೊಂಡೇ ಶುರುಮಾಡಿದರು. "ಅಲ್ರೀ, ನಮ್ಮ ಡ್ಯಾನ್ಸ್ ಬಿಟ್ಟು ಅವರ ಡ್ಯಾನ್ಸ್ ಯಾಕ್ರೀ? ನಾಳೆ ದಸರಾ ಪ್ರೋಗ್ರಾಮಿನಾಗ ನಿಮ್ಮ ಹುಡುಗಿ ಲಂಗಾ ಬೀಸ್ಕೋತ ಕುಣೀತಾಳೇನು?"

"ಹೌದು ಆಂಟಿ, ನೀವು ಮುಂದೆ ಕೂತು ಚಪ್ಪಾಳೆ ಹೊಡೀಬೇಕು" ಅಂದು, ಬಿಸಿಬೇಳೆಬಾತ್ ಬಡಿಸಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡಿದೆ.

ಈ ನೃತ್ಯಕ್ಕೆ ಬೇಕಾದದ್ದು ದೊಡ್ಡ ಘೇರಿನ ಲಂಗ, ಜಡೆಗೆ ರಿಬ್ಬನ್ನು, ಮತ್ತು ಹಿಮ್ಮಡಿ ಎತ್ತರದ ಬಿಳಿ ಷೂ. ಷೂವಿನ ಅಡಿಯಲ್ಲಿ, ಮುಂದಕ್ಕೂ ಹಿಂದಕ್ಕೂ ಚಿಕ್ಕ ಚಿಕ್ಕ ಮೊಳೆಗಳನ್ನು ಒತ್ತಾಗಿ ಹೊಡೆದಿರುತ್ತಾರೆ. ನೆಲಕ್ಕೆ ಬಡಿದರೆ ಟಕ ಟಕ ಅನ್ನಬೇಕು. ಆ ಸದ್ದಿಲ್ಲದಿದ್ದರೆ ಲಂಗ ಎಷ್ಟು ಬೀಸಿದರೂ ದಂಡ. ಕಲಿಸುವ ಟೀಚರ್ ಐವತ್ತು ದಾಟಿದ ಗಟ್ಟಿ ಹೆಂಗಸು, ನಗು ಬಹಳ ಕಮ್ಮಿ. ಮಕ್ಕಳನ್ನು ಸಾಲಾಗಿ ಕುಣಿಸಿ, ತಾನು ಹಿಂದೆ ನಿಧಾನವಾಗಿ ನಡೆಯುತ್ತಾ ಒಬ್ಬೊಬ್ಬರ ಕಾಲಿನ ಸದ್ದನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಿದ್ದರು. ಒಂದು ಶನಿವಾರ ನನ್ನ ಮಗಳ ಹಿಂದೆ ನಿಂತು, "ನಿನ್ನ ಕಾಲು ನನಗೆ ಕಾಣಿಸ್ತಿದೆ, ಕೇಳಿಸ್ತಿಲ್ಲ" ಅಂದರು. ಅಕ್ಟೋಬರ್‌ನಲ್ಲಿ ಪಾರ್ಕಿನಲ್ಲಿ ಕಾರ್ಯಕ್ರಮವಿತ್ತು. ಅಷ್ಟರೊಳಗೆ ಸದ್ದು ಬಾರದಿದ್ದರೆ ಸಾಲಿನಲ್ಲಿ ಜಾಗವಿಲ್ಲ, ಹಿಂದುಗಡೆ ಪುಟಾಣಿಗಳ ಜೊತೆ ಕಾಗದದ ಹೂವಿನ ಕಮಾನು ಹಿಡಿದು ನಿಲ್ಲಬೇಕು ಅಂತಲೂ ಹೇಳಿದರು. ಮಗಳು ರಸ್ತೆ ದಾಟುವವರೆಗೂ ತುಟಿ ಕಚ್ಚಿಕೊಂಡಿದ್ದು, ಮನೆಬಾಗಿಲಲ್ಲಿ ಹೋ ಎಂದು ಅತ್ತಳು.

ಸದ್ದು ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಷೂ ಹೊಸಿಲು ದಾಟುವಂತಿಲ್ಲ. ಹುಡುಗಿ ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ಬೆಕ್ಕಿನ ಹಾಗೆ ಅಭ್ಯಾಸ ಮಾಡುತ್ತಿದ್ದಳು. ಜೊತೆಗೆ ಮೈಸೂರಿನಿಂದ ನಮ್ಮತ್ತೆ ಬಂದು ಆರು ತಿಂಗಳಿಗೆ ನೆಲೆಸಿದ್ದರು. ಹಾಲ್‌ನಲ್ಲಿರುವ ಕಪಾಟೇ ನಮ್ಮ ದೇವರ ಮನೆ. ಒಂದು ಸಲ ಷೂ ಒಳಗೆ ತರಲೇ ಅಂತ ಬಾಯಿಬಿಟ್ಟೆ ಅಷ್ಟೆ.

"ದೇವರ ಮುಂದೆ ಮೊಳೆ ಚಪ್ಪಲೀನಾ? ಏನಮ್ಮಾ ನೀನು, ಓದಿದೋಳಾಗಿ!"

"ಅದಕ್ಕೆ ಮಣ್ಣೇ ತಾಗಿಲ್ಲ ಅತ್ತೆ, ಹೊಸಾ ಷೂ."

"ಹೊಸಾದೋ ಹಳೇದೋ, ಚಪ್ಪಲಿ ಚಪ್ಪಲೀನೇ."

ಗಂಡನ ಕಡೆ ನೋಡಿದೆ. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಹತ್ತು ಜನರಿಗೆ ಬುದ್ಧಿ ಹೇಳುವ ಮಹಾನುಭಾವ, ತಾಯಿಯ ಎದುರು ಮಾತ್ರ ಬಾಯಿಗೆ ಬೀಗ. "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದರು. ಈ ದೇಶಕ್ಕೆ ಬಂದ ಮೇಲೆ ನಾನು ಬೇರೇನು ಮಾಡಿದ್ದೇನೆ ಹೇಳಿ. ಜಗಳವಾಡಿ, ಅವರಿಂದಲೇ ಒಂದು ಪ್ಲೈವುಡ್ ಹಲಗೆ ತರಿಸಿ, ಹಿಂಬಾಗಿಲ ಆಚೆ ಪ್ಯಾಟಿಯೋ ಅನ್ನುವ ತೆರೆದ ಕಟ್ಟೆಯ ಮೇಲೆ ಹಾಕಿಸಿದೆ.

ಡಲ್ಲಾಸಿನ ಸೆಪ್ಟೆಂಬರ್ ಅಂದರೆ ಬೇಸಿಗೆಯೇ. ಹುಡುಗಿ ಶಾಲೆಯಿಂದ ಬಂದವಳೇ ಆ ಕಾದ ಹಲಗೆಯ ಮೇಲೆ ಟಕ ಟಕ ಶುರುಮಾಡುತ್ತಿದ್ದಳು. ಬೆವರು ಸುರಿದು ಫ್ರಾಕು ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಪಕ್ಕದ ಮನೆಯವನು ಬಂದು ಎರಡು ಮಾತು ಅಂದು ಹೋದ, ನಾನು ಎರಡು ಹೆಚ್ಚಿಗೆ ಅಂದು ಕಳಿಸಿದೆ. ಅತ್ತೆ ಮೊದಮೊದಲು ಒಳಗಿಂದ ಗೊಣಗುತ್ತಿದ್ದರು. ಆಮೇಲೆ ಮಡಚುವ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತರು. "ಮಗೂ, ಸಾಕು ಬಾ, ಪಾನಕ ಕುಡಿ" ಅಂತ ಕರೆಯುವುದು, ಅವಳು "ಒನ್ ಮೋರ್ ಟೈಮ್, ಅಜ್ಜಿ" ಅನ್ನುವುದು. ಕಾರ್ಯಕ್ರಮದ ಹಿಂದಿನ ವಾರ ಟೀಚರ್ ಅವಳ ಹಿಂದೆ ನಿಂತು ಕೇಳಿ, ಭುಜ ಹಿಡಿದು ಸಾಲಿನ ನಡುವೆ ನಿಲ್ಲಿಸಿದರು. ಅಂದು ಮಗಳು ಮನೆಗೆ ನಡೆದು ಬರಲಿಲ್ಲ, ಹಾರಿಕೊಂಡು ಬಂದಳು.

ಕಾರ್ಯಕ್ರಮ ಶನಿವಾರ. ಹಿಂದಿನ ದಿನ ಆಯುಧಪೂಜೆ. ನಾನು ಆಫೀಸಿನಿಂದ ಬಂದಾಗ ಅತ್ತೆ ಎಲ್ಲ ಮುಗಿಸಿದ್ದರು. ಕಾರಿನ ಬಾನೆಟ್ಟಿಗೆ ಕುಂಕುಮ, ಮಿಕ್ಸಿಗೆ ಕುಂಕುಮ, ಈಳಿಗೆಮಣೆಗೆ ಹೂವು, ತಮ್ಮ ಮಗನ ಲ್ಯಾಪ್‌ಟಾಪಿಗೆ ಗಂಧ. ನಗುತ್ತಾ ದೇವರ ಕಪಾಟಿನ ಕಡೆ ತಿರುಗಿದವಳು ಅಲ್ಲೇ ನಿಂತುಬಿಟ್ಟೆ. ಒಳಗೆ, ದೀಪದ ಪಕ್ಕ, ಬೆಳ್ಳಿ ತಟ್ಟೆಯಲ್ಲಿ ಆ ಎರಡು ಬಿಳಿ ಷೂ! ಮುಂಭಾಗಕ್ಕೆಲ್ಲ ಕಲಸಿದ ಅರಿಶಿನ ಬಳಿದು, ಅದರ ಮೇಲೆ ಕುಂಕುಮದ ಬೊಟ್ಟು.

"ಅತ್ತೆ! ಇದೇನು ಮಾಡ್ಬಿಟ್ರಿ!"

"ಯಾಕಮ್ಮಾ? ಮಗು ಇದನ್ನ ನಂಬ್ಕೊಂಡು ತಾನೆ ಕುಣಿಯೋದು? ಗೆಜ್ಜೆಗೆ ಪೂಜೆ ಮಾಡಲ್ವಾ, ಹಾಗೇನೇ."

ಹೊಸಿಲು ದಾಟಬಾರದ ಚಪ್ಪಲಿ ಈಗ ಬೆಳ್ಳಿ ತಟ್ಟೆ ಏರಿ ಕೂತಿತ್ತು! ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸೋಪು ಹಾಕಿ ತಿಕ್ಕಿದೆ, ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ. ಕುಂಕುಮ ಕರಗಿ ಅರಿಶಿನದೊಳಗೆ ಸೇರಿ ಷೂ ಕಿತ್ತಳೆಯಾಯಿತು. ಗಂಡ ಬಂದು, ಆಫೀಸಿನಿಂದ ತಂದಿದ್ದ ವೈಟ್ನರ್ ಬಾಟಲಿ ತೆಗೆದು, ಕಾಗದದ ಮೇಲಿನ ತಪ್ಪು ಅಳಿಸುವ ಆ ಪುಟ್ಟ ಬ್ರಷ್ಷಿನಿಂದ ಬಳಿಯುತ್ತಾ ಕೂತರು. ಅತ್ತೆಗೆ ತಮ್ಮ ತಪ್ಪು ಗೊತ್ತಾಗುತ್ತಾ ಬಂದು ಮುಖ ಸಣ್ಣಗಾಯಿತು. ಅವರನ್ನು ಬೈಯಲೂ ಆಗದೆ, ಬಿಡಲೂ ಆಗದೆ ನಾನು ಇನ್ನೊಂದು ಷೂ ಹಿಡಿದು ತಿಕ್ಕುತ್ತಲೇ ಇದ್ದೆ.

ಪಾರ್ಕಿನಲ್ಲಿ ವೇದಿಕೆ ಹತ್ತುವ ಮುಂಚೆ ಟೀಚರ್ ಜಡೆ, ರಿಬ್ಬನ್ನು, ಲಂಗ ಎಲ್ಲ ನೋಡುತ್ತಾ ಬಂದು ಇವಳ ಮುಂದೆ ನಿಂತರು. ನಡೆದು ಬಂದ ಅಷ್ಟರಲ್ಲೇ ವೈಟ್ನರ್ ಬಿರಿದು, ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಉದುರಿ, ಹಳದಿ ಎದ್ದು ಕಾಣುತ್ತಿತ್ತು.

"ಇದೇನು?"

ನಾನು ಇಂಗ್ಲಿಷಿನಲ್ಲಿ ಪೂಜೆ, ಸಂಪ್ರದಾಯ ಅಂತ ಬಡಬಡಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಸೀರೆಯುಟ್ಟು ನಿಂತಿದ್ದ ಅತ್ತೆಗೆ ತಲೆಬಾಗಿಸಿದರು ಕೂಡ. ಆದರೆ ಸಾಲಿನಲ್ಲಿ ಎಲ್ಲರ ಷೂ ಅಚ್ಚ ಬಿಳಿ ಇರಬೇಕೆಂಬ ನಿಯಮ ಬಿಡಲಿಲ್ಲ. ಕಳೆದ ವರ್ಷ ರಿಬ್ಬನ್ನಿನ ಬಣ್ಣ ತಪ್ಪಿದ್ದಕ್ಕೆ ತನ್ನ ತಂಗಿಯ ಮಗಳನ್ನೇ ಹಿಂದೆ ಕಳಿಸಿದ್ದೆ, ಇವಳೊಬ್ಬಳಿಗೆ ಹೇಗೆ ಬಿಡಲಿ ಅಂದರು. ಬೇರೆ ಷೂ ಯಾರ ಬಳಿಯೂ ಇರಲಿಲ್ಲ. ಹುಡುಗಿ ಹೋಗಿ ಹೂವಿನ ಕಮಾನು ಹಿಡಿದು, ಪುಟಾಣಿಗಳ ಪಕ್ಕ ನಿಂತಳು. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಯಮವಂತೆ ನಿಯಮ!

ಸಂಗೀತ ಶುರುವಾಯಿತು. ಮುಂದೆ ಸಾಲು ಕುಣಿಯುತ್ತಿತ್ತು, ಲಂಗಗಳು ಹರಡಿಕೊಂಡವು. ನೋಡಲು ಮನಸ್ಸಿಲ್ಲದೆ ನಾನು ತಲೆ ತಗ್ಗಿಸಿ ಕೂತಿದ್ದೆ. ಆಗ ಅತ್ತೆ ನನ್ನ ಮೊಣಕೈ ತಿವಿದರು. "ಕೇಳ್ಸಿಕೋ."

ಮರದ ವೇದಿಕೆಯ ಹಿಂಬದಿಯಿಂದ, ಸಾಲಿನ ಸದ್ದನ್ನೂ ಮೀರಿ, ಟಕ ಟಕ ಟಕ. ಎರಡೂ ಕೈಯಲ್ಲಿ ಕಮಾನು ಅಲುಗದಂತೆ ಹಿಡಿದು, ಕಾಗದದ ಹೂವಿನ ಮರೆಯಲ್ಲಿ ಮಗಳು ಪೂರ್ತಿ ನೃತ್ಯವನ್ನು ಕಾಲಿನಲ್ಲೇ ಕುಣಿಯುತ್ತಿದ್ದಳು. ಒಂದು ಹೆಜ್ಜೆ ತಪ್ಪಲಿಲ್ಲ. ವೇದಿಕೆಯ ಪಕ್ಕ ನಿಂತಿದ್ದ ಟೀಚರ್ ತಿರುಗಿ ನೋಡಿದರು, ತಡೆಯಲಿಲ್ಲ.

ಮುಗಿದ ಮೇಲೆ ಇಳಿದು ಬಂದಳು. ಮುಖ ಕೆಂಪಗೆ ಕಾದಿತ್ತು. ಸಮಾಧಾನದ ಮಾತುಗಳನ್ನೆಲ್ಲ ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳಿಗೆ ಅದು ಯಾವುದೂ ಬೇಕಿರಲಿಲ್ಲ. ನನ್ನನ್ನು ದಾಟಿ ನೇರವಾಗಿ ಅಜ್ಜಿಯ ಮುಂದೆ ಹೋಗಿ ನಿಂತು, ಏದುಸಿರು ಬಿಡುತ್ತಾ ಕೇಳಿದಳು: "ಅಜ್ಜಿ, ಕುಡ್ ಯೂ ಹಿಯರ್ ಮೀ?"

ಇಂಗ್ಲಿಷ್ ಬಾರದ ಅತ್ತೆ ನನ್ನ ಕಡೆ ನೋಡಲಿಲ್ಲ, ಏನು ಅಂತ ಕೇಳಲೂ ಇಲ್ಲ.

"ಬರೀ ನಿಂದೇ ಕೇಳಿಸ್ತು ಮಗೂ" ಅಂದರು.