ಅತ್ತೆಯಾಗುವವರು ಮೆಚ್ಚಿದ ಅಚ್ಚು

ತಗಡಿನಲ್ಲಿ ಸೊನ್ನೆ ಕತ್ತರಿಸುವಾಗ ನಡುವಿನ ಬಿಲ್ಲೆ ಉದುರಿ ಹೋಗದಂತೆ ಎರಡು ಕಡೆ ಅಕ್ಕಿಕಾಳಿನಷ್ಟು ಅಗಲದ ಪಟ್ಟಿ ಉಳಿಸಬೇಕು. ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಚೀಲಗಳ ಮೇಲೆ ಅಂಗಡಿಯ ಹೆಸರು ಮೂಡಿಸುವ, ಅಕ್ಷರ ಕೊರೆದ ತಗಡಿನ ಅಚ್ಚು ತುಕ್ಕು ಹಿಡಿದಿತ್ತು. ಹೊಸದನ್ನು ನಾನೇ ಕತ್ತರಿಸಿಕೊಟ್ಟೆ. ಪಟ್ಟಿ ಉಳಿಸುವ ಕ್ರಮವನ್ನು ಕಲಿತದ್ದು ಸೋವಿಯತ್ ಕಾಲದ ಒಬ್ಬ ಕಲಾವಿದೆ ಇಂಥದೇ ಅಚ್ಚಿನಿಂದ ಮೂಡಿಸಿದ ಪೋಸ್ಟರುಗಳಿಂದ. ಅವಳ ಬಗ್ಗೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದೆ. ಕೊನೆಯ ಅಧ್ಯಾಯ ಬಾಕಿಯಿತ್ತು. ಅದಕ್ಕೆ ಮೈಸೂರಿನ ಗ್ರಂಥಾಲಯದಲ್ಲಿ ಒಂದು ತಿಂಗಳು ಕೂರಬೇಕಿತ್ತು.

ನಿಶ್ಚಿತಾರ್ಥವಾದ ಹುಡುಗಿ ಬೇರೆ ಊರಿನಲ್ಲಿ ಉಳಿಯಬಾರದು ಎಂದರು ಅಮ್ಮ. ಹುಡುಗನ ತಾಯಿ ಒಪ್ಪಿದರೆ ಹೋಗು ಎಂದರು ಅಪ್ಪ. ಎರಡು ತಿಂಗಳಿಂದ ನನ್ನ ಓಡಾಟ ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ.

ಹುಡುಗನ ತಾಯಿ ಬೇಲೂರಿನಿಂದ ಬಂದ ದಿನ ಅಪ್ಪ ಅಚ್ಚು ತಂದು ತೋರಿಸಿದರು. "ನೋಡಿ, ನಮ್ ಹುಡ್ಗೀದೇ ಕೈಕೆಲ್ಸ."

ಅವರು ತಗಡನ್ನು ಬೆಳಕಿಗೆ ಹಿಡಿದರು. "ಎಷ್ಟ್ ಚೆನ್ನಾಗೈತೆ ಕಣಮ್ಮ! ನಮ್ ಅಂಗ್ಡೀಗೂ ಒಂದ್ ಮಾಡ್ಕೊಡು. ಓದಿದ್ದು ಕೈಗೆ ಬಂತಲ್ಲ, ಇನ್ಯಾಕೆ ಮೈಸೂರು?"

"ಇನ್ನೊಂದು ಅಧ್ಯಾಯ ಇದೆ," ಎಂದೆ.

"ಆ ರಷ್ಯಾದೋಳ್ದಾ? ಅವಳೇನ್ ನಿನಗೋಸ್ಕರ ಕಾಯ್ಕಂಡ್ ಕೂತವ್ಳಾ? ಸತ್ತು ಎಷ್ಟ್ ಕಾಲ ಆಯ್ತೋ!"

ಎಲ್ಲರೂ ನಕ್ಕರು. ಸಭ್ಯತೆಗೆ ನಾನೂ ನಕ್ಕೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಅಮ್ಮ ಎಲೆ ಹಾಕಲು ಎದ್ದರು.

ಅವರು ಹೊರಟ ಮೇಲೆ ಪ್ರಬಂಧದ ಕರಡು ತೆರೆದೆ. ಅವಳ ಮೊದಲ ಪೋಸ್ಟರುಗಳು ಹೊರಬಂದದ್ದು ಗಂಡನ ಹೆಸರಿನಲ್ಲಿ. ಮುಂದೆ ಸರ್ಕಾರಕ್ಕೆ ಆ ಬಗೆಯ ಚಿತ್ರ ಬೇಡವಾದಾಗ ಸಿಕ್ಕ ಕೆಲಸ ಬೆಂಕಿಪೊಟ್ಟಣದ ಲೇಬಲ್ಲು, ಮಕ್ಕಳ ಪಠ್ಯದ ಚಿತ್ರ. ಅವುಗಳಲ್ಲೂ ಒಂದು ಗೆರೆಯೂ ಸೋಮಾರಿಯಾಗಿಲ್ಲ. "ಇಲ್ಲಿಗೆ ಕಲಾವಿದೆ ಶರಣಾದಳು" ಎಂದು ಹಾಸ್ಟೆಲ್ಲಿನಲ್ಲಿದ್ದಾಗ ಬರೆದಿದ್ದೆ. ಆಗ ನನ್ನನ್ನು ಯಾರೂ ಎಲ್ಲಿಗೆ ಹೊರಟೆ ಎಂದು ಕೇಳುತ್ತಿರಲಿಲ್ಲ. ಆ ಲೇಬಲ್ಲುಗಳನ್ನೂ ಯಾರೋ ಮನಸಾರೆ ಹೊಗಳಿರಬೇಕು. ಹೊಗಳಿದವರಿಗೆ ಎದುರಾಡುವುದು ಹೇಗೆ ಎಂದು ಅವಳಿಗೂ ತಿಳಿದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಆ ವಾಕ್ಯ ತೆಗೆದುಹಾಕಿದೆ. ಕಾಫಿ ಕುಡಿಯುತ್ತಿದ್ದ ಅಪ್ಪನ ಬಳಿ ಹೋಗಿ, ನಿನ್ನೆ ನಾನು ನಕ್ಕದ್ದು ಮೈಸೂರು ಬಿಡುವುದಕ್ಕೆ ಒಪ್ಪಿಗೆಯಲ್ಲ ಎಂದೆ. ಬೇಲೂರಿನ ಮನೆಗೆ ನಾನೇ ಫೋನ್ ಮಾಡಿ, ಹುಡುಗನ ತಾಯಿ ಎತ್ತಿದ ಮೇಲೆ, ಅದನ್ನೇ ಇನ್ನೊಮ್ಮೆ ಹೇಳಿದೆ.